ಗಡಿಯಲ್ಲಿ ಹಾಕಿದ ಸಹಿ

17 ನವೆಂಬರ್ 2002, ಭಾನುವಾರ

ನಿನ್ನೆ ಬೆಳಿಗ್ಗೆ ಕಾರಿನಲ್ಲಿ ಬಾಸೆಲ್‌ಗೆ ಹೋದವರು ಸಂಜೆ ರೈಲಿನಲ್ಲಿ ಫ್ರಾಂಕ್‌ಫರ್ಟಿಗೆ ಮರಳಿದೆವು. ಕಾರು ಗಡಿಯ ಕಸ್ಟಮ್ಸ್ ಅಂಗಳದಲ್ಲಿ ನಿಂತಿದೆ.

ಕಾರು ನಮ್ಮದಲ್ಲ, ದ್ವಾರಕನಾಥರದು. ಮೂವತ್ತು ವರ್ಷದಿಂದ ಸ್ವಿಟ್ಜರ್ಲೆಂಡಿನಲ್ಲಿರುವ, ಈಗ ನಿವೃತ್ತರಾದ ವಿಜ್ಞಾನಿ. ಯುಗಾದಿಯ ಊಟದಲ್ಲಿ ಪರಿಚಯವಾಗಿ ಆರೇ ತಿಂಗಳಲ್ಲಿ ಮನೆಯವರಂತಾದವರು. ಸೆಪ್ಟೆಂಬರಿನಲ್ಲಿ ಅಕ್ಕನ ಕಣ್ಣಿನ ಆಪರೇಷನ್ ಎಂದು ಇಲ್ಲಿಂದ ಬೆಂಗಳೂರಿನ ವಿಮಾನ ಹತ್ತುವಾಗ ಕಾರನ್ನು ನಮ್ಮ ಮನೆ ಮುಂದೆ ನಿಲ್ಲಿಸಿ, "ಸುಮ್ನೆ ನಿಂತ್ರೆ ಬ್ಯಾಟರಿ ಸತ್ತೋಗುತ್ತೆ ಬಸಲಿಂಗಯ್ಯನವರೇ, ಓಡಿಸ್ತಾ ಇರಿ" ಎಂದು ಕೀಲಿ ಕೊಟ್ಟರು. ಬಸಲಿಂಗಯ್ಯನವರು, ಅಂದರೆ ನನ್ನ ಗಂಡ, ಜರ್ಮನ್ ಲೈಸೆನ್ಸ್ ಇಲ್ಲದವರು, "ಅದಕ್ಕೇನ್ರಿ, ಆಗ್ಲಿ" ಎಂದು ತೆಗೆದುಕೊಂಡರು. ಓಡಿಸಿದವಳು ನಾನು. ಎರಡು ತಿಂಗಳು ಅದರಲ್ಲೇ ಆಫೀಸಿಗೆ ಹೋದೆ. ಹಿತವಾಗಿತ್ತು, ಸುಳ್ಳೇಕೆ.

ಚಳಿಗಾಲ ಬಂತು, ಟೈರು ಬದಲಿಸಬೇಕು. ಚಳಿಗಾಲದ ಟೈರುಗಳು ಬಾಸೆಲ್‌ನ ಅವರ ನೆಲಮಾಳಿಗೆಯಲ್ಲಿ. ಹಾಗಾಗಿ ಹೋದೆವು. ದ್ವಾರಕನಾಥರ ಹೆಂಡತಿ ಸಾವಿತ್ರಿಯವರು ಊಟ ಹಾಕಿ, ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಮರಳುವಾಗ ಜರ್ಮನಿಯ ಕಡೆಯ ಅಧಿಕಾರಿ ಕೈ ತೋರಿಸಿ ಪಕ್ಕಕ್ಕೆ ನಿಲ್ಲಿಸಿದ. ಡಿಕ್ಕಿಯಲ್ಲಿದ್ದ ನಾಲ್ಕು ಟೈರು ನೋಡಿದ. ಸ್ವಿಸ್ ನಂಬರ್ ಪ್ಲೇಟು ನೋಡಿದ. ಫ್ರಾಂಕ್‌ಫರ್ಟಿನ ನಮ್ಮ ವಿಳಾಸ ನೋಡಿದ.

"ಮಾಲೀಕರೆಲ್ಲಿ?"

"ಬೆಂಗಳೂರಿನಲ್ಲಿ."

"ನಿಮಗೆ ಅವರು ಏನಾಗಬೇಕು?"

ಏನೂ ಆಗಬೇಕಿಲ್ಲ ಎಂದೆ. ಪಕ್ಕದಿಂದ ಇವರು ತಮ್ಮ ಸಂಜೆ ಕ್ಲಾಸಿನ ಜರ್ಮನ್‌ನಲ್ಲಿ "ಅಣ್ಣನ ಸಮಾನ" ಎಂದರು. ಅಧಿಕಾರಿ ಬರೆದುಕೊಂಡ, ಆಮೇಲೆ ಹೊಡೆದು ಹಾಕಿದ.

ನಿಯಮವನ್ನು ಇಂದು ಬೆಳಿಗ್ಗೆ ಇಂಟರ್‌ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿ ಓದಿದೆ. ಇಲ್ಲಿ ವಾಸಿಸುವವರು ಐರೋಪ್ಯ ಒಕ್ಕೂಟದ ಹೊರಗಿನ ದೇಶದ ಕಾರನ್ನು, ಅದರ ಮಾಲೀಕ ಇಲ್ಲಿ ಇಲ್ಲದಾಗ, ಓಡಿಸುವಂತಿಲ್ಲ. ಓಡಿಸಿದರೆ ಕಾರನ್ನು ದೇಶದೊಳಕ್ಕೆ ತಂದಂತೆ, ಸುಂಕ ಕಟ್ಟಬೇಕು. ನಾವು ಗೆಳೆಯರಿಗೆ ಕಾರು ಕೊಡುವುದು ಕೊಡೆ ಕೊಟ್ಟಷ್ಟು ಸಲೀಸು. ಅದಕ್ಕೊಂದು ಕಾಯ್ದೆ ಇರಬಹುದು ಎಂದು ಯಾರಿಗೆ ಹೊಳೆಯಬೇಕು? ನನಗೆ ಹೊಳೆಯಬೇಕಿತ್ತು. ಕಾಗದಪತ್ರ ನೋಡುವವಳು ಈ ಮನೆಯಲ್ಲಿ ನಾನು.

ನಿನ್ನೆ ಗಡಿಯಲ್ಲಿ, ಓಡಿಸಿದವರು ಮಾತ್ರ ಒಳಗೆ ಬನ್ನಿ ಎಂದರು. ನಲವತ್ತು ನಿಮಿಷ. ಎರಡು ಪುಟದ ಹೇಳಿಕೆ, ಕೊನೆಯಲ್ಲಿ ಸಹಿ. ರೈಲಿನಲ್ಲಿ ಇವರು, "ಏನೇನ ಕೇಳಿದ್ರು?" ಎಂದರು. "ಅದs, ಮಾಮೂಲಿ" ಎಂದೆ. ಉಪ್ಪಿನಕಾಯಿ ಡಬ್ಬಿ ಎರಡು ತಾಸು ನನ್ನ ತೊಡೆಯ ಮೇಲಿತ್ತು. ಕೋಟಿಗೆ ಎಣ್ಣೆಯ ಕಲೆ.

19 ನವೆಂಬರ್, ಮಂಗಳವಾರ

ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಕಾರೆಲ್ಲಿ ಎಂದರೆ ಸರ್ವಿಸಿಂಗ್ ಎಂದೆ. ಟ್ರಾಮಿನಲ್ಲಿ ನಿಂತು ಹೋದೆ.

28 ನವೆಂಬರ್, ಗುರುವಾರ

ಕಸ್ಟಮ್ಸ್‌ನಿಂದ ಹಳದಿ ಲಕೋಟೆ ಬಂತು. ನಾನು ಮನೆ ತಲುಪುವಷ್ಟರಲ್ಲಿ ಮಗಳು ಪವಿ ಒಡೆದು ಓದಿದ್ದಳು. ಹದಿಮೂರರ ಹುಡುಗಿ, ಇಲ್ಲಿನ ಶಾಲೆಗೆ ಸೇರಿ ಎರಡು ವರ್ಷವಾಗಿಲ್ಲ, ನಾನು ಹಣೆ ಗಂಟಿಕ್ಕುವ ಕಡೆ ಅವಳು ಸರಾಗ ಓದುತ್ತಾಳೆ.

"ಅಮ್ಮಾ, ನೀ ಈಗ ಸ್ಮಗ್ಲರ್ ಏನು?"

ಬೈದೆ. ಬೈದದ್ದು ತಪ್ಪು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

ಇವರು ಊಟದ ಮೇಜಿನ ಮೇಲೆ ನಿಘಂಟು ಹರಡಿಕೊಂಡು, ಪ್ರತಿ ಶಬ್ದದ ಕೆಳಗೆ ಪೆನ್ಸಿಲ್‌ನಲ್ಲಿ ಕನ್ನಡ ಬರೆಯುತ್ತ ಎರಡು ತಾಸು ಕುಳಿತರು. ಅವರು ಓದುವಾಗ ತುಟಿ ಅಲ್ಲಾಡುತ್ತದೆ. ಅದನ್ನು ನೋಡುವುದೇ ನನಗೆ ಶಿಕ್ಷೆ. ಕಡೆಗೆ ಕನ್ನಡಕ ತೆಗೆದಿಟ್ಟರು.

"ಇದರಾಗ ಏನೈತಿ ಗೊತ್ತೇನ? ನಿಯಮ ನನಗ ಮೊದಲs ಗೊತ್ತಿತ್ತು, ಗೊತ್ತಿದ್ದೂ ಓಡಿಸೀನಿ ಅಂತ ನೀ ಹೇಳಿಯಂತ. ದುಭಾಷಿ ಬ್ಯಾಡ ಅಂತನೂ ಹೇಳಿಯಂತ. ಕೆಳಗ ನಿನ್ನ ಸಹಿ ಐತಿ."

"ಹಂಗ ನಾ ಹೇಳಿಲ್ರಿ."

"ಸಹಿ?"

"ಸಹಿ ನಂದs."

ಗೊತ್ತಿಲ್ಲದೆ ಮಾಡಿದರೆ ಸುಂಕ ಕಟ್ಟಿ ಮುಗಿಯಿತು. ಗೊತ್ತಿದ್ದೂ ಮಾಡಿದರೆ ಅಪರಾಧ. ಮಾರ್ಚಿನಲ್ಲಿ ನನ್ನ ವಾಸದ ಪರವಾನಗಿ ಮುಗಿಯುತ್ತದೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡ್ ನನ್ನ ಹೆಸರಿನದು. ಇವರು, ಪವಿ ಇಬ್ಬರೂ ಅದಕ್ಕೆ ಜೋತುಬಿದ್ದು ಇಲ್ಲಿರುವವರು. ಅಪರಾಧದ ಕೇಸು ಇದ್ದವಳಿಗೆ ಯಾರು ಮುಂದುವರಿಸಿ ಕೊಡುತ್ತಾರೆ?

ಇಲ್ಲಾದರೂ ನಿಜ ಬರೆಯಬೇಕು. ಆ ದಿನ ಆತ ಬೇಗ ಬೇಗ ಮಾತಾಡಿದ. ಅರ್ಧ ತಿಳಿಯಿತು, ಅರ್ಧ ಇಲ್ಲ. ಪ್ರತಿ ವಾಕ್ಯದ ಕೊನೆಗೆ ಆತ ನನ್ನ ಮುಖ ನೋಡುತ್ತಿದ್ದ, ನಾನು "ಯಾ, ಯಾ", ಹೌದು ಹೌದು, ಎನ್ನುತ್ತಿದ್ದೆ. ಒಪ್ಪಿಗೆಯೆಂದು ಅಲ್ಲ. ನಮ್ಮಲ್ಲಿ ಯಾರಾದರೂ ಮಾತಾಡುತ್ತಿದ್ದರೆ ನಾವು ಹೂಂಗುಟ್ಟುವುದಿಲ್ಲವೇ, ಕೇಳುತ್ತಿದ್ದೇನೆ, ಮುಂದುವರಿಸಿ ಎಂದು. ಹಾಗೆ. ಆತ ಪ್ರತಿ ಹೂಂ ಅನ್ನೂ ಟೈಪ್ ಮಾಡಿಕೊಂಡ. ಕೊನೆಗೆ ಪುಟ ಮುಂದಿಟ್ಟಾಗ ಓದುವಂತೆ ಕಣ್ಣಾಡಿಸಿದೆ, ಸಾಕಷ್ಟು ಹೊತ್ತು, ನೋಡಿದವರಿಗೆ ಓದಿದಳು ಎನ್ನಿಸುವಷ್ಟು ಹೊತ್ತು. ತಿಳಿಯಲಿಲ್ಲ ಎನ್ನಲು ಬಾಯಿ ಬರಲಿಲ್ಲ. ನನ್ನ ಬಯೋಡೇಟಾದಲ್ಲಿ ಜರ್ಮನ್ ಎಂಬುದರ ಮುಂದೆ "ಉತ್ತಮ" ಎಂದಿದೆ.

1 ಡಿಸೆಂಬರ್, ಭಾನುವಾರ

ದ್ವಾರಕನಾಥರಿಗೆ ಬೆಂಗಳೂರಿಗೆ ಫೋನ್ ಮಾಡಿದೆವು. ಅಕ್ಕನ ಎರಡನೆಯ ಕಣ್ಣಿಗೂ ಆಪರೇಷನ್ ಆಗಬೇಕಂತೆ, ಫೆಬ್ರವರಿವರೆಗೆ ಬರುವುದಿಲ್ಲವಂತೆ.

"ಅಯ್ಯೋ, ಇದಕ್ಕೆಲ್ಲ ತಲೆ ಕೆಡಿಸ್ಕೋತೀಯಲ್ಲಮ್ಮ ಜಯಾ. ಮೂವತ್ತು ವರ್ಷದಿಂದ ಆ ಗಡಿ ದಾಟಿದೀನಿ, ಹಾಲು ತರೋಕೂ ಜರ್ಮನಿಗೆ ಹೋಗ್ತೀವಿ. ಯಾರೂ ಕೇಳಿಲ್ಲ."

"ನಿಮ್ಮನ್ನ ಕೇಳೂದಿಲ್ರಿ. ಕಾರು ನಿಮ್ಮದು."

"ನಂದೇನು ನಿಂದೇನು. ಒಂದು ಕಾಗದ ಬರೆದು ಹಾಕ್ತೀನಿ ಬಿಡು. ನನ್ನ ಜರ್ಮನ್ ನೋಡಿದ್ರೆ ಅವರೇ ಎದ್ದು ನಿಲ್ತಾರೆ."

ಬೇಡ, ಮೊದಲು ನಮಗೆ ತೋರಿಸಿ ಎಂದೆ. ಲೈನು ಕಟ್ಟಾಯಿತೋ, ಅವರೇ ಇಟ್ಟರೋ.

13 ಡಿಸೆಂಬರ್, ಶುಕ್ರವಾರ

ತೋರಿಸಲಿಲ್ಲ. ನೇರ ಕಸ್ಟಮ್ಸ್‌ಗೇ ಫ್ಯಾಕ್ಸ್ ಮಾಡಿ ನಮಗೆ ಪ್ರತಿ ಕಳಿಸಿದ್ದಾರೆ. ಒಂದೂವರೆ ಪುಟ, ಚೆಂದದ ಜರ್ಮನ್ ಅಂತೆ. ಪವಿ "ವಾವ್" ಎಂದಳು. ಸಾರಾಂಶ ಇಷ್ಟು: ಶ್ರೀಮತಿ ಜಯಾ ನನಗೆ ಸ್ವಂತ ತಂಗಿಯಂತೆ. ಕೀಲಿ ಕೊಟ್ಟ ದಿನದಿಂದ ಆ ಕಾರು ಅವಳದೇ ಎಂದು ತಿಳಿಯತಕ್ಕದ್ದು. ಬೇಕಾದಷ್ಟು ಕಾಲ ಇಟ್ಟುಕೊಳ್ಳಲು ಹೇಳಿದ್ದೇನೆ. ನಮ್ಮ ಸಂಸ್ಕೃತಿಯಲ್ಲಿ ಕೊಟ್ಟದ್ದನ್ನು ಕೇಳುವುದಿಲ್ಲ.

ಇದನ್ನು ಓದಿದ ಯಾವ ಅಧಿಕಾರಿಗಾದರೂ ಏನು ಅನ್ನಿಸುತ್ತದೆ? ಕಾರನ್ನು ಕೊಟ್ಟೇಬಿಟ್ಟಿದ್ದಾರೆ, ಇವಳು ಸುಂಕ ತಪ್ಪಿಸಿ ತಂದಿಟ್ಟುಕೊಂಡಿದ್ದಾಳೆ ಎಂದು. ಸರಕಾರಿ ವಕೀಲನೊಬ್ಬ ನನ್ನ ವಿರುದ್ಧ ಇದಕ್ಕಿಂತ ಚೆನ್ನಾಗಿ ಬರೆಯಲಾರ.

ಇವರು ನಕ್ಕರು. ನಾನು ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಗಳನ್ನೂ ತೊಳೆದೆ.

24 ಡಿಸೆಂಬರ್, ಮಂಗಳವಾರ

ಕಚೇರಿಗಳೆಲ್ಲ ಮುಚ್ಚಿವೆ. ಜನವರಿ ಆರರವರೆಗೆ ಯಾರೂ ನನ್ನನ್ನು ಏನೂ ಕೇಳಲಾರರು. ಒಂದು ದಿನ ಚೆನ್ನಾಗಿ ನಿದ್ದೆ.

9 ಜನವರಿ 2003, ಗುರುವಾರ

ಎರಡು ಕಾಗದ ಒಂದೇ ದಿನ. ಒಂದು ಕಸ್ಟಮ್ಸ್‌ನದು: ಮಾಲೀಕರ ಪತ್ರ ತಲುಪಿದೆ, ಕಾರು ಶಾಶ್ವತವಾಗಿ ಕೈ ಬದಲಾಯಿಸಿದೆಯೇ ಎಂಬುದನ್ನೂ ಈಗ ಪರಿಶೀಲಿಸುತ್ತೇವೆ, ಫೆಬ್ರವರಿ ಐದಕ್ಕೆ ಖುದ್ದಾಗಿ ಬಂದು ಹೇಳಿಕೆ ಕೊಡಬಹುದು, ಅಥವಾ ಬರೆದು ಕಳಿಸಬಹುದು. ಇನ್ನೊಂದು ಪರವಾನಗಿ ಮುಂದುವರಿಸುವ ಅರ್ಜಿ. ಅದರ ಎರಡನೆಯ ಪುಟದಲ್ಲಿ ಒಂದು ಪ್ರಶ್ನೆ: ನಿಮ್ಮ ಮೇಲೆ ತನಿಖೆ ನಡೆಯುತ್ತಿದೆಯೇ? ಹೌದು, ಇಲ್ಲ. ಎರಡು ಚೌಕ.

ಪೆನ್ಸಿಲಿನಲ್ಲಿ "ಇಲ್ಲ"ಕ್ಕೆ ಗುರುತು ಹಾಕಿದೆ. ಅಳಿಸಿದೆ. ಅಳಿಸಿದ ಗುರುತು ಕಾಣುತ್ತಿದೆ. ಬೇರೆ ಅರ್ಜಿ ತರಬೇಕು.

12 ಜನವರಿ, ಭಾನುವಾರ

ಜಗಳ. ನಮ್ಮ ಜಗಳ ಸದ್ದಿಲ್ಲದ್ದು, ಪವಿ ಟಿವಿ ಜೋರು ಮಾಡಿದ್ದರಿಂದ ಅದು ಜಗಳ ಎಂದು ಗೊತ್ತಾಯಿತು.

ಬರೆದು ಕಳಿಸೋಣ, ತಪ್ಪಾಯಿತು, ಸುಂಕ, ದಂಡ ಎಲ್ಲ ಕಟ್ಟುತ್ತೇವೆ ಎಂದು ಮುಗಿಸೋಣ ಎಂದೆ. ಇಂಗ್ಲಿಷಿನಲ್ಲಿ ಕರಡು ಕೂಡ ಬರೆದಿದ್ದೆ, ಒಳ್ಳೆಯ ಕರಡು.

"ಹಂಗ ಬರದ್ರ ಗೊತ್ತಿದ್ದೂ ಮಾಡೀನಿ ಅಂತ ಒಪ್ಪಿಕೊಂಡಂಗ," ಎಂದರು ಇವರು. "ನೀ ಅವತ್ತ ನಿನಗ ತಿಳೀಲಿಲ್ಲ ಅಂತ ಬರಿ. ಓದದ ಸಹಿ ಮಾಡೀನಿ ಅಂತ ಬರಿ."

"ಆರು ಮಂದಿ ಟೀಮ್ ನಡಸಾಕಿ ನಾ. ಜರ್ಮನ್ ಬ್ಯಾಂಕಿನ ಕೆಲಸ. ತಿಳೀಲಿಲ್ಲ ಅಂತ ಸರಕಾರಕ್ಕ ಬರದು ಕೊಡ್ಲೇನು?"

"ತಿಳೀತೇನು ಮತ್ತ?"

ಕರಡಿನಲ್ಲಿ ಒಂದು ಅಲ್ಪವಿರಾಮ ತಿದ್ದಿದೆ. ಇವರು ಬೇರೆ ಏನೋ ಹೇಳತೊಡಗಿದರು. ಇಪ್ಪತ್ತು ವರ್ಷ ಹಳ್ಳಿಯ ಗ್ರಾಮೀಣ ಬ್ಯಾಂಕುಗಳಲ್ಲಿ ಮ್ಯಾನೇಜರ್ ಆಗಿದ್ದವರು. ನಾನು ಇಲ್ಲಿಗೆ ಬರುವೆನೆಂದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದವರು. ಗ್ರೀನ್ ಕಾರ್ಡಿನವರ ಗಂಡಂದಿರಿಗೆ ಮೊದಲು ಕೆಲಸ ಮಾಡುವ ಹಾಗಿರಲಿಲ್ಲ, ಆಮೇಲೆ ಮಾಡುವ ಹಾಗಾದಾಗ ಕೆಲಸ ಸಿಗಲಿಲ್ಲ.

"ನಮ್ಮ ಬ್ರ್ಯಾಂಚಿಗೆ ಕೆಂಪಮ್ಮ ಅಂತ ಒಬ್ಬಾಕಿ ಬರತಿದ್ಲು. ಹೆಬ್ಬೆಟ್ಟಿನಾಕಿ. ನಾ ಕಾಗದ ಓದಿ ಹೇಳತಿದ್ದೆ, ಆಕಿ ಪ್ರತಿ ಮಾತಿಗೂ 'ಹೂಂ ಸಾಹೇಬ್ರ, ಹೂಂ ಸಾಹೇಬ್ರ'. ಮೊದಲನೇ ವರ್ಷ ನಾನೂ ಒತ್ತಿಸಿಕೊಂಡು ಕಳಿಸಿಬಿಟ್ಟೆ. ಆಮ್ಯಾಲ ಗೊತ್ತಾತು, ಆಕಿಗೆ ಒಂದಕ್ಷರ ತಿಳಿದಿಲ್ಲಂತ. ನನಗ ಬ್ಯಾಸರ ಆಗಬಾರದಂತ ಹೂಂ ಅಂದಾಳ. ಅವತ್ತಿನಿಂದ ನಾ ಹೆಬ್ಬೆಟ್ಟ ಒತ್ತಿಸೂದಕ್ಕ ಮೊದಲ ಅವರ ಬಾಯಿಲೆ ತಿರುಗಿ ಹೇಳಸತಿದ್ದೆ. ಸಾಲಾಗಿ ನಿಂತ ಮಂದಿ ಬೈತಿದ್ರು."

"ನನಗ ಕೆಂಪಮ್ಮ ಅಂತೀರಿ."

"ಕೆಂಪಮ್ಮ ಶಾಣ್ಯಾಕಿ ಇದ್ಲು. ಎರಡನೇ ವರ್ಷ ಆಕೀನs ಅಂದ್ಲು, ಸಾಹೇಬ್ರ, ಅವತ್ತ ಏನೂ ತಿಳಿದಿದ್ದಿಲ್ರಿ ಅಂತ."

ನಾನು ಕರಡು ಮಡಚಿ ಚೀಲದಲ್ಲಿಟ್ಟುಕೊಂಡೆ. ಹರಿಯಲಿಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ತಿಳಿಯಲಿಲ್ಲ ಎಂದು ಕೈ ಎತ್ತಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ನಿಂತವಳಲ್ಲ. ಅದನ್ನು ಹೆಮ್ಮೆ ಎಂದುಕೊಂಡಿದ್ದೆ.

26 ಜನವರಿ, ಭಾನುವಾರ

ಐದನೆಯ ತಾರೀಖಿಗೆ ಖುದ್ದಾಗಿ ಹೋಗುವುದೆಂದು ಆಯಿತು. ಹಾಗೆಂದು ನಾನು ಹೇಳಿದೆನೋ ಇವರು ಹೇಳಿದರೋ ನೆನಪಿಲ್ಲ.

ಅಡುಗೆಮನೆಯಲ್ಲಿ ತಾಲೀಮು. ಇವರು ಅಧಿಕಾರಿ. ಸಂಜೆ ಕ್ಲಾಸಿನ ಪುಸ್ತಕದಿಂದ ವಾಕ್ಯ ತೆಗೆದು ಬೇಗ ಬೇಗ ಓದುತ್ತಾರೆ, ನಾನು ತಿಳಿಯದ ಕಡೆ ನಿಲ್ಲಿಸಬೇಕು. ಮೂರು ವಾಕ್ಯಕ್ಕೆ ಮೂರು ಸಲ "ಯಾ" ಎಂದೆ. ಪವಿ ಪ್ರತಿ ಸಲ ಚಮಚದಿಂದ ತಟ್ಟೆಗೆ ಬಾರಿಸಿದಳು.

"ಅಮ್ಮಾ, ಅಪ್ಪ ಈಗ ಹೇಳಿದ್ದು ಅವನ ಫ್ರಿಜ್ ಕೆಟ್ಟಿದೆ ಅಂತ. ನೀ ಯಾ ಅಂದಿ."

ಇವರ ಉಚ್ಚಾರ ಕೆಟ್ಟದ್ದು ಎಂದೆ. ಕೆಟ್ಟದ್ದೇ. ಆದರೆ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪವಿಯ ಶಾಲೆಯಲ್ಲಿ ಇವರು ಆ ಕೆಟ್ಟ ಉಚ್ಚಾರದಲ್ಲೇ ಕೇಳುತ್ತಾರೆ, ಮತ್ತೊಮ್ಮೆ ಕೇಳುತ್ತಾರೆ, ಎದುರಿನವರು ಸುಸ್ತಾಗುವವರೆಗೆ ಕೇಳುತ್ತಾರೆ. ಪಕ್ಕದಲ್ಲಿ ನಿಂತಾಗ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಯಾಕೆ ಎಂದು ಯೋಚಿಸಬೇಕು, ಇನ್ನೊಂದು ದಿನ.

5 ಫೆಬ್ರವರಿ, ಬುಧವಾರ

ರೈಲು ನಲವತ್ತು ನಿಮಿಷ ತಡ. ಮಂಜಿನಲ್ಲಿ ಓಡಿದೆವು. ಕಚೇರಿಯ ಅಂಗಳದಲ್ಲಿ ಕಾರು ನಿಂತಿತ್ತು, ಗಾಜಿನ ಮೇಲೆ ಹಿಮ, ಡಿಕ್ಕಿಯಲ್ಲಿ ಆ ಟೈರುಗಳು.

ಈ ಸಲ ಬೇರೆ ಅಧಿಕಾರಿ, ನಿವೃತ್ತಿಯ ಅಂಚಿನ ಹೆಂಗಸು. ಇವರು ನನ್ನ ಜೊತೆ ಒಳಗೆ ಬರಹೋದರೆ ತಡೆದಳು. ಅಂದು ಕಾರಿನಲ್ಲಿ ಕುಳಿತಿದ್ದವರು, ಹಾಗಾಗಿ ಸಾಕ್ಷಿ, ಒಳಗೆ ಕೂರುವಂತಿಲ್ಲ ಎಂದಳು. ಇದನ್ನು ಕಾಗದದಲ್ಲಿ ಯಾಕೆ ಬರೆಯಲಿಲ್ಲ? ಹತ್ತು ದಿನದ ತಾಲೀಮು ಇವರು ಪಕ್ಕದಲ್ಲಿರುತ್ತಾರೆ ಎಂದು ಮಾಡಿದ್ದು. ಇವರು ನನ್ನ ಕೈಗೆ ನಿಘಂಟು ಕೊಟ್ಟು, "ಹೊರಗs ಇರ್ತೀನಿ" ಎಂದರು.

ದುಭಾಷಿ ಬೇಕೇ ಎಂದಳು. ಯಾವ ಭಾಷೆಯವರು ಎಂದೆ. ಪಟ್ಟಿ ತೆಗೆದು ನೋಡಿ, "ಇಂಡಿಯನ್" ಎಂದಳು. ಕೆದಕಿ ಕೇಳಿದರೆ ಪಂಜಾಬಿ, ಅದೂ ಮೂರು ವಾರದ ನಂತರ. ಬೇಡ ಎಂದೆ. ನನ್ನ ಜರ್ಮನ್, ತಿಳಿಯದ ಕಡೆ ಇಂಗ್ಲಿಷ್, ಅದೂ ಆಗದಿದ್ದರೆ ನಿಘಂಟು. ಆಕೆ ಗಡಿಯಾರ ನೋಡಿದಳು.

ಮೊದಲ ಪ್ರಶ್ನೆ ಉದ್ದವಾಗಿತ್ತು. ಮುಗಿದಾಗ ನನ್ನ ಮುಖ ನೋಡಿದಳು. "ಯಾ" ನಾಲಿಗೆಯ ತುದಿಗೆ ಬಂದಿತ್ತು. ತಲೆ ಅರ್ಧ ಆಡಿಯೂ ಬಿಟ್ಟಿತ್ತು, ಅದನ್ನು ಅಲ್ಲೇ ನಿಲ್ಲಿಸಿದೆ.

"ತಿಳಿಯಲಿಲ್ಲ," ಎಂದೆ. "ನಿಧಾನವಾಗಿ ಹೇಳಿ."

ಹೇಳಿದಳು. ಅರ್ಧ ತಿಳಿಯಿತು. ಅರ್ಧ ತಿಳಿಯಿತು ಎಂದೆ. ಮೂರನೆಯ ಸಲ ಬರೆದು ತೋರಿಸಿದಳು.

ಆಮೇಲೆ ಅಂದಿನ ಹೇಳಿಕೆ ಮುಂದಿಟ್ಟಳು. "ಇದು ನಿಮ್ಮ ಸಹಿಯೇ?"

"ಹೌದು. ಆದರೆ ಇದನ್ನು ಓದಿರಲಿಲ್ಲ. ಓದಲು ಬರುತ್ತಿರಲಿಲ್ಲ."

"ದುಭಾಷಿ ಬೇಡ ಎಂದಿದ್ದೀರಿ."

"ಆ ಪ್ರಶ್ನೆಯೂ ತಿಳಿದಿರಲಿಲ್ಲ."

ಆಕೆ ಪೆನ್ನು ಕೆಳಗಿಟ್ಟಳು. "ನೀವು ಎಂಜಿನಿಯರ್. ತಿಳಿಯದ ಕಾಗದಕ್ಕೆ ಸಹಿ ಯಾಕೆ ಹಾಕಿದಿರಿ?"

ಇದಕ್ಕೆ ತಾಲೀಮು ಇರಲಿಲ್ಲ. ನಿಘಂಟಿನಲ್ಲಿ ಒಂದು ಶಬ್ದ ಹುಡುಕಿ ಬೆರಳಿಟ್ಟು ತೋರಿಸಿದೆ: ನಾಚಿಕೆ. ಆಕೆ ಅದನ್ನು ಓದಿ, ಯಾವ ಭಾವವೂ ಇಲ್ಲದೆ ಟೈಪ್ ಮಾಡಿದಳು. ನನ್ನ ನಾಚಿಕೆ ಈಗ ಜರ್ಮನ್ ಸರಕಾರದ ಕಡತದಲ್ಲಿದೆ, ಸಾಲು ಹದಿನಾಲ್ಕು.

ದ್ವಾರಕನಾಥರ ಪತ್ರದ ಬಗ್ಗೆ ಕೇಳಿದಳು. ಕಾರು ಅವರದೇ; 'ಕೊಟ್ಟದ್ದು ನಿಮ್ಮದೇ ಎಂದು ತಿಳಿಯಿರಿ' ಎನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು, ನಿಜವೆಂದು ತಿಳಿದು ಇಟ್ಟುಕೊಂಡರೆ ಕೊಟ್ಟವರೇ ಮುನಿಸಿಕೊಳ್ಳುತ್ತಾರೆ ಎಂದೆ. ಇಷ್ಟು ಹೇಳಲು ಹತ್ತು ನಿಮಿಷ ಹಿಡಿಯಿತು. "ಹಾಗಿದ್ದರೆ ಯಾಕೆ ಹೇಳುತ್ತಾರೆ?" ಎಂದಳು. ಗೊತ್ತಿಲ್ಲ ಎಂದೆ. ಅದೂ ನಿಜ.

ಹೊಸ ಹೇಳಿಕೆ ಓದಿ ಹೇಳಿದಳು. ಎರಡು ಕಡೆ ತಿದ್ದಿಸಿದೆ. "ಎರಡು ತಿಂಗಳು" ಎಂಬ ಕಡೆ "ಸುಮಾರು" ಎಂದಿತ್ತು. ಸುಮಾರು ಅಲ್ಲ, ಅರವತ್ತೆರಡು ದಿನ ಎಂದೆ. ಅದರಿಂದ ನನಗೆ ಲಾಭವೇನೂ ಇರಲಿಲ್ಲ.

ಒಂದು ತಾಸು ಐವತ್ತು ನಿಮಿಷ. ಹೊರಬಂದಾಗ ಇವರು ಕಾರಿನ ಪಕ್ಕ ನಿಂತು ಕೈಯಿಂದ ಗಾಜಿನ ಹಿಮ ಸರಿಸುತ್ತಿದ್ದರು. ಒಬ್ಬ ಕಾವಲಿನವ ಮುಟ್ಟಬೇಡಿ ಎಂದು ಗದರಿಸುತ್ತಿದ್ದ, ಇವರು ಆತನನ್ನು ಅದು ಯಾವ ನಿಯಮ ಎಂದು ಕೇಳುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ, ಆತ ಹೇಳಿ ಮುಗಿಸುವವರೆಗೆ.

"ಏನಾತು?" ಎಂದರು ಆಮೇಲೆ.

"ಹೇಳ್ತೀನಿ. ಮೊದಲ ಚಾ ಕುಡಿಯೂಣು."

ರೈಲಿನಲ್ಲಿ ಎಲ್ಲ ಹೇಳಿದೆ, ನವೆಂಬರಿನದ್ದೂ.

7 ಮಾರ್ಚ್, ಶುಕ್ರವಾರ

ಕಸ್ಟಮ್ಸ್‌ನ ಕಾಗದ. ಉದ್ದೇಶಪೂರ್ವಕ ಎಂಬ ಆರೋಪ ಕೈಬಿಟ್ಟಿದ್ದಾರೆ. ಸುಂಕದ ನೋಟೀಸು ಬೇರೆ ಬರುತ್ತದಂತೆ. ಕಾರನ್ನು ಮಾಲೀಕರೇ ಬಂದು ಗಡಿಯಾಚೆ ಒಯ್ಯಬೇಕು. ದ್ವಾರಕನಾಥರು ಮುಂದಿನ ವಾರ ಬರುತ್ತಾರೆ. ತಮ್ಮ ಪತ್ರದಿಂದಲೇ ಕೆಲಸವಾಯಿತು ಎಂದು ಫೋನಿನಲ್ಲಿ ಹೇಳಿದರು. ಇವರು "ಹೌದ್ರಿ, ಹೌದ್ರಿ" ಎಂದರು.

ಮೂರು ಸಲ ಓದಿದೆ. ಎರಡು ಶಬ್ದ ಪವಿಯನ್ನು ಕೇಳಿದೆ.

18 ಮಾರ್ಚ್, ಮಂಗಳವಾರ

ಪರವಾನಗಿ ಎರಡು ವರ್ಷಕ್ಕೆ ಸಿಕ್ಕಿತು. ಮೂವರಿಗೂ. "ಹೌದು" ಎಂಬ ಚೌಕಕ್ಕೆ ಗುರುತು ಹಾಕಿ ಕಸ್ಟಮ್ಸ್‌ನ ಕಾಗದ ಲಗತ್ತಿಸಿದ್ದೆ. ಗುಮಾಸ್ತ ಓದಿ, ತಲೆ ಆಡಿಸಿ, ಪಕ್ಕಕ್ಕಿಟ್ಟ. ನಾಲ್ಕು ತಿಂಗಳು ನಿದ್ದೆಗೆಟ್ಟದ್ದಕ್ಕೆ ಆತ ತೆಗೆದುಕೊಂಡದ್ದು ಒಂದು ನಿಮಿಷ.

ಆದರೂ ವಿದೇಶಿಯರ ಕಚೇರಿಯವರಿಗೆ ತಾಳ್ಮೆ ತೀರ ಕಡಿಮೆ. ಇನ್ನೂ ಎರಡು ಪುಟ ಮುಂದಿಟ್ಟು, ಬರೀ ಔಪಚಾರಿಕ, ಇಲ್ಲೊಂದು ಸಹಿ ಇಲ್ಲೊಂದು ಸಹಿ ಎಂದು ಪೆನ್ನು ಚಾಚಿದ. ಏನಿದು ಎಂದೆ. ಹೇಳಿದ. ಮತ್ತೆ ಕೇಳಿದೆ. ಹೊರಗೆ ಹದಿನೇಳು ಜನ ಕಾಯುತ್ತಿದ್ದಾರೆ ಎಂದ. ಬಾಗಿಲಿನಿಂದ ಯಾರೋ ಕೆಮ್ಮಿದರು. ಪಕ್ಕದ ಕುರ್ಚಿಯಲ್ಲಿದ್ದ ಇವರು ನಿಘಂಟು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಆತ ಗಡಿಯಾರ ನೋಡಿದ, ಕಿಟಕಿ ನೋಡಿದ, ಕೊನೆಗೆ ಡ್ರಾಯರಿನಿಂದ ಊಟದ ಡಬ್ಬಿ ತೆಗೆದುಕೊಂಡು ಎದ್ದು ಹೋದ.

ನಾನು ಓದುತ್ತ ಇನ್ನೂ ಮೊದಲ ಪುಟದ ಮಧ್ಯದಲ್ಲಿದ್ದೆ.